ಗೂಡಿಗೆ ಕೇಳಿಸಿದ ಹೆಸರು

ಗೂಡಿಗೆ ಕೇಳಿಸಿದ ಹೆಸರಿನ ನಂಬಿಕೆಯನ್ನು ನನ್ನ ಕಿವಿಗೆ ಮೊದಲು ಹಾಕಿದವರು ಉಪ್ಪಿನಬೆಟಗೇರಿಯ ದುರಗವ್ವ. ಈ ಶ್ರಾವಣದ ಒಂದು ಸಂಜೆ, ರಾಯಾಪುರದ ಬಸ್ ನಿಲ್ದಾಣದಲ್ಲಿ. ಜೊತೆಗಿದ್ದವನು ಅವರ ಅಣ್ಣನ ಮಗ, ಹಕ್ಕಿಗಳ ಫೋಟೊ ತೆಗೆಯುವ ಪರಮೇಶ. ಅವರು ಕುಳಿತಿದ್ದ ಕಟ್ಟೆಯ ಮೇಲೆಯೇ ನಾನೂ ಇನ್ನಿಬ್ಬರೂ ಕುಳಿತಿದ್ದೆವು.

“ದೊಡ್ಡ ಕೊಕ್ಕರಿಮರಿ ಸಣ್ಣದನ್ನ ಕುಕ್ಕಿ ಕುಕ್ಕಿ ಗೂಡಿನಿಂದ ಕೆಡವಿತು, ಅತ್ತಿ. ತಾಯಿ ಬಾಜೂಕ ನಿಂತು ನೋಡಿತು.”

“ನೀನೂ ನೋಡಿದ್ಯಲ್ಲ, ಕ್ಯಾಮರಾ ಹಿಡಕೊಂಡು.”

“ಫೋಟೊ ಛಲೋ ಬಂದಾವ.”

“ಗೂಡಿನ ಗಿಡದ ಬುಡಕ ನಿಂತು ಯಾರದರ ಹೆಸರು ಕರದ್ಯೇನು?”

“ಚ್ಯಾಷ್ಟಿಗೆ, ದೊಡ್ಡದಕ್ಕ ನನ್ನ ಮಗಳ ಹೆಸರಿಟ್ಟಿದ್ದೆ. ‘ಸೃಷ್ಟಿ, ಈ ಕಡೆ ನೋಡು’ ಅಂದೆ. ನೋಡಿತು.”

“ಗೂಡಿಗೆ ಕೇಳಿಸಿದ ಹೆಸರು ಗೂಡಿನ ಬುದ್ಧಿ ಹೊತಗೊಂಡು ಮನಿಗೆ ಬರತೈತಿ ಅಂತಿದ್ಲು ನಮ್ಮವ್ವ.”

“ಹುಚ್ಚ ಮಾತು ಬಿಡು, ಅತ್ತಿ.”

ಪರಮೇಶ ನಕ್ಕ. ಕ್ಯಾಮರಾದಲ್ಲಿ ಆ ಫೋಟೊಗಳನ್ನು ಸರಿಸುತ್ತ ಅವನೇ ಮತ್ತೆ ಮಾತು ತೆಗೆದ.

“ನಿನ್ನೆಯಿಂದ ಸೃಷ್ಟಿ ಊಟಕ್ಕ ಕುಂದ್ರವಲ್ಲಳು. ತಮ್ಮನ ತೊಟ್ಟಿಲ ಹತ್ರ ಒಂದ ಕಾಲ ಮ್ಯಾಲ ನಿಂದರತಾಳ. ಕೂಸು ಬಾಯಿ ತೆರೆದ್ರ ಕುತ್ತಿಗಿ ಚಾಚಿ ನೋಡತಾಳ.”

“ಈಗ ಕೂಸಿನ ಹತ್ರ ಯಾರದಾರ?”

“ಅವರವ್ವ ಹಿತ್ತಲದಾಗ ಅರಿವಿ ಒಗ್ಯಾಕತ್ತಾಳ. ತೊಟ್ಟಿಲ ಸೃಷ್ಟಿನೇ ತೂಗಾಕತ್ತಾಳ.”

ದುರಗವ್ವ ಬಸ್ಸಿಗೆ ಕಾಯಲಿಲ್ಲ. ಪರಮೇಶನ ರಟ್ಟೆ ಹಿಡಿದೆಬ್ಬಿಸಿ, ಎದುರಿಗೆ ಬಂದ ಆಟೋ ಹತ್ತಿಸಿದರು.

ಕಟ್ಟೆಯ ಮೇಲಿದ್ದ ಇಬ್ಬರೂ ಎದ್ದು, ಬಸ್ಸಿನ ಹಾದಿ ನೋಡದೆ, ಮನೆಯ ಕಡೆ ನಡೆದರು. ಅವರಲ್ಲೊಬ್ಬರು ನಡೆಯುತ್ತಲೇ ಮನೆಗೆ ಫೋನು ಹಚ್ಚಿ, ದೊಡ್ಡವನು ಎಲ್ಲಿದ್ದಾನೆಂದು ಕೇಳುತ್ತಿದ್ದರು.