ಗರಗಸದ ಮೇಲೊಂದು ಹಲಗೆ

ನೋಡಿ, ನೂರೈವತ್ತು ವರ್ಷದ ಹಿಂದೆ ಅಮೆರಿಕ ದೇಶದ ಹೊಳೆದಂಡೆಯ ಒಂದೂರಲ್ಲಿ ಹೈರಮ್ ಎಂಬ ಶ್ರೀಮಂತನಿದ್ದ. ಸಾಮಿಲ್ಲಿನ ಒಡೆಯ. ಕೆಟ್ಟವನೇ? ಅಲ್ಲ. ಅದೇ ಈ ಕಥೆಯ ಸಂಕಟ. ಭಾನುವಾರ ಆರಾಧನೆಯಲ್ಲಿ ಕೂಲಿಯವರ ಪಕ್ಕದಲ್ಲೇ ಮಂಡಿಯೂರುತ್ತಿದ್ದ.

ಒಂದು ದಿನ, ಮರ ಕೊಯ್ಯುವ ಸೈಲಸ್ ಎಂಬುವನ ಎರಡು ಬೆರಳು ಗಿರ್ರನೆ ತಿರುಗುವ ಗರಗಸಕ್ಕೆ ಸಿಕ್ಕಿ ತುಂಡಾದವು. ಹೈರಮ್ ತನ್ನ ಅಂಗಿಯನ್ನೇ ಹರಿದು ಕಟ್ಟಿದ. ಸೈಲಸ್ ಹಲ್ಲು ಕಚ್ಚಿಕೊಂಡು ಹೇಳಿದ: "ಧಣಿ, ಆ ಗರಗಸದ ಮೇಲೊಂದು ಹಲಗೆ ಹೊಡೆಸಿಬಿಡಿ. ಇವತ್ತು ಬೆರಳು ಹೋಯ್ತು, ನಾಳೆ ಯಾರ ಪ್ರಾಣವೋ."

"ನಮ್ಮ ಮಿಲ್ಲಿಗೆ ಮಾತ್ರ ಹಾಕಿಸಿದ್ರೆ ಕೆಲಸ ನಿಧಾನ ಆಗುತ್ತೆ, ಮಿಕ್ಕವರು ಮುಂದೆ ಹೋಗ್ತಾರೆ ಕಣಯ್ಯ. ನಾನು ಚುನಾವಣೆಗೆ ನಿಲ್ತೀನಿ. ಎಲ್ಲಾ ಮಿಲ್ಲಿಗೂ ಕಾನೂನು ತರ್ತೀನಿ," ಎಂದ ಹೈರಮ್.

ನಿಂತ. ಗೆದ್ದ. ಸೈಲಸನೇ ಆ ಮೊಂಡುಗೈ ಎತ್ತಿ ಊರೂರಲ್ಲಿ ಅವನಿಗಾಗಿ ಮತ ಕೇಳಿದ್ದ. ಆದರೆ ಶಾಸನಸಭೆಯಲ್ಲಿ ಮಿಕ್ಕ ಮಿಲ್ಲುಗಳ ಒಡೆಯರು ಹೈರಮನ ಹೆಗಲ ಮೇಲೆ ಕೈಹಾಕಿ, "ಈ ವರ್ಷ ಬೇಡ, ಮುಂದಿನ ವರ್ಷ ನೋಡೋಣ" ಎಂದರು. ಮುಂದಿನ ವರ್ಷ. ಮತ್ತೆ ಮುಂದಿನ ವರ್ಷ. ಹೈರಮ್ ಭಾಷಣ ಮಾಡಿದ; ಕೇಳಿದವರು ಕಣ್ಣೊರೆಸಿಕೊಂಡರು. ಹೀಗೇ ಆರು ವರ್ಷ.

ಏಳನೆಯ ವರ್ಷ ತಂತಿ ಬಂತು. ಸೈಲಸ್ ಕಾಲು ಜಾರಿ ಗರಗಸದ ಮೇಲೆ ಬಿದ್ದಿದ್ದ. ಉಳಿಯಲಿಲ್ಲ.

ಹೈರಮ್ ಸೈಲಸನ ಮನೆಗೆ ಓಡಿ ಬಂದ. ಅವನ ಹೆಂಡತಿ ಅಳುತ್ತಿರಲಿಲ್ಲ. "ಆ ಕಾನೂನಿಗೆ ನಾನು ಎಷ್ಟು ಹೋರಾಡಿದೆ ಗೊತ್ತೇನಮ್ಮ," ಎಂದ.

ಆಕೆ ಕೇಳಿದಳು: "ನಿಮ್ಮ ಮಿಲ್ಲಲ್ಲಿ ನೀವು ಹಲಗೆ ಹೊಡೆಸೋಕೆ ಯಾರ ಅಪ್ಪಣೆ ಬೇಕಿತ್ತು, ಧಣಿ?"

ನೀವಾದರೆ ಏನು ಹೇಳುತ್ತಿದ್ದಿರಿ?

ಹೈರಮ್ ನೆಟ್ಟಗೆ ಮಿಲ್ಲಿಗೆ ಹೋಗಿ ತಾನೇ ಸುತ್ತಿಗೆ ಹಿಡಿದ. ಮಧ್ಯಾಹ್ನದೊಳಗೆ ಮುಗಿಯಿತು. ಅರ್ಧ ದಿನದ ಕೆಲಸ, ಬರೀ ಅರ್ಧ ದಿನದ ಕೆಲಸ! ಕೂಲಿಯವರು ಸುತ್ತ ನಿಂತಿದ್ದರು. ಒಬ್ಬನೂ ಒಂದು ಮೊಳೆ ಎತ್ತಿಕೊಡಲಿಲ್ಲ. ಅವನು ಮತ್ತೆ ಶಾಸನಸಭೆಯ ಮೆಟ್ಟಿಲು ಹತ್ತಲಿಲ್ಲ. ಅವನು ಬದುಕಿದ್ದ ತನಕ ಆ ಕಾನೂನೂ ಬರಲಿಲ್ಲ. ಸಾಯುವ ಮುಂಚೆ ಪಾದ್ರಿಯ ಕೈ ಹಿಡಿದು, "ನನಗೆ ಕ್ಷಮೆ ಇದೆ ಅಂತೀರಿ, ಅಯ್ಯನೋರೇ. ಸೈಲಸ್ ಇಲ್ವಲ್ಲ," ಎಂದ.

ಅಯ್ಯೋ ಪಾಪ ಅನ್ನಬೇಡಿ. ನಿಮ್ಮ ಮನೆಯ ಗ್ರೈಂಡರ್ ಶಾಕ್ ಹೊಡೆಯುತ್ತೆ ಎಂದು ಕೆಲಸದಾಕೆ ಎಷ್ಟು ಸಲ ಹೇಳಿದ್ದಾಳೆ? ಬಡವರಿಗಾಗಿ ಈ ಚರ್ಚಿನಲ್ಲಿ ಉದ್ದುದ್ದ ಪ್ರಾರ್ಥಿಸುತ್ತೀರಿ. ದೇಶ ತಿದ್ದುವುದು ನಿಮ್ಮಿಂದ ಆಗದಿರಬಹುದು. ನಿಮ್ಮ ಮಾತು ನಡೆಯುವ ಮನೆಯಲ್ಲಿ, ಅಂಗಡಿಯಲ್ಲಿ ಮಾಡಬೇಕಾದ್ದನ್ನು ಇವತ್ತೇ ಮಾಡಿ. ಮುಂದಿನ ವಾರ ಅನ್ನಬೇಡಿ. ಆಕೆ ನಾಳೆ ಬೆಳಿಗ್ಗೆಯೇ ಬಂದು, ಒದ್ದೆ ಕೈಯಲ್ಲಿ ಆ ಸ್ವಿಚ್ಚು ಒತ್ತುತ್ತಾಳೆ.