ಪಾವಟಿಗಿ ಬಾವಿಯ ಹನ್ನೊಂದು ನಿಮಿಷ

ದೀಪ ಸಣ್ಣಗೆ ಮಾಡ್ರಿ. ನಗೋರು ಈಗಲೇ ನಕ್ಕುಬಿಡ್ರಿ, ಆಮೇಲೆ ನಗಾಕ ಬಾಯಿ ಬರೋದಿಲ್ಲ. ಇದು ನಮ್ಮ ಓಣಿಯ ಸಂಘಮಿತ್ರಕ್ಕನಿಗೆ ಆದದ್ದು. ನಮ್ಮನಿಯಿಂದ ಮೂರನೇ ಮನಿ.

ಹೋದ ವರ್ಷ ಜೂನಿನಾಗ, ಮಿರುಗದ ಮಳೆ ಬಿದ್ದ ವಾರ. ಕೊಟ್ಟೂರಿನಿಂದ ಬರುವ ಕೊನೆ ಬಸ್ಸು ಇಳಿದು ಅಕ್ಕ ಒಬ್ಬಳೇ ಊರ ಕಡೆ ನಡೆದು ಬರುತ್ತಿದ್ದಳು. ಮೊಬೈಲು ಸತ್ತಿತ್ತು. ದಾರಿಗೆ ಹತ್ತಿಕೊಂಡೇ ಪಾವಟಿಗಿ ಬಾವಿ. ಕಲ್ಲಿನ ಮೆಟ್ಟಿಲು ನೀರಿನ ತನಕ ಇಳಿಯುವ ಹಳೇ ಬಾವಿ. ಮೂವತ್ತು ವರ್ಷದಿಂದ ಅದರೊಳಗೆ ಒಬ್ಬರೂ ಕೊಡ ಇಳಿಸಿಲ್ಲ.

ಒಳಗೆ ಕಪ್ಪೆಗಳ ಸಂತಿ ನೆರೆದಿತ್ತು. ವಟರ್ ವಟರ್ ಅನ್ನುವವು ಒಂದಿಷ್ಟು. ಕ್ರಿರ್ರ್ ಅಂತ ಬಾಗಿಲು ತಿರುಗಿಸುವಂಥವು ಒಂದಿಷ್ಟು. ಎಮ್ಮೆಗರುವಿನ ಹಂಗ ಗುಂಯ್ ಅನ್ನುವವು ಒಂದಿಷ್ಟು. ಅಕ್ಕ ಕಟ್ಟೆ ಹತ್ತಿರ ಬಂದಳೋ ಇಲ್ಲೋ, ಎಲ್ಲವೂ ಗಪ್.

ಅದರಲ್ಲೇನೂ ವಿಶೇಷ ಇಲ್ಲ. ಮನುಷ್ಯರ ಸುಳಿವು ಹತ್ತಿದರೆ ಕಪ್ಪೆಗಳು ಬಾಯಿ ಮುಚ್ಚುತ್ತವೆ. ಅಕ್ಕ ಅಲುಗದೆ ನಿಂತಳು. ಒಂದೊಂದಾಗಿ ಮತ್ತೆ ಶುರು ಹಚ್ಚಿಕೊಂಡವು. ಇನ್ನೇನು ಹೊರಡಬೇಕು...

ಮತ್ತೆ ನಿಂತವು.

ಅಕ್ಕ ಕಾಲಬೆರಳೂ ಅಲುಗಿಸಿರಲಿಲ್ಲ. ಈ ಸಲ ಒಮ್ಮೆಲೇ ನಿಲ್ಲಲಿಲ್ಲ ನೋಡ್ರಿ. ಮೇಲಿನ ಮೆಟ್ಟಿಲಿನವು ಮೊದಲು ನಿಂತವು. ಆಮೇಲೆ ನಡುವಿನವು. ಆಮೇಲೆ ನೀರಿನ ಅಂಚಿನವು. ಯಾರೋ ನಿಧಾನಕ್ಕೆ ಮೆಟ್ಟಿಲು ಇಳಿದು ಹೋದಂಗ... ಹೆಜ್ಜೆ ಸಪ್ಪಳ ಮಾತ್ರ ಇಲ್ಲ.

ಆಗ ಬಂತು ಆ ದನಿ.

ಟಿಣ್.

ಕಂಚಿನ ತಂಬಿಗೆಗೆ ಉಗುರಿನಿಂದ ಬಾರಿಸಿದಂಗ. ಮೂರು ಉಸಿರಿನಷ್ಟು ಬಿಡುವು. ಆಮೇಲೆ... ಟಿಣ್, ಟಿಣ್.

"ಯಾರದು?" ಅಂದಳು ಅಕ್ಕ.

ದನಿ ನಿಂತುಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದರು. ನಾನಂತೂ ಕಾಲನ್ನೂ ಬಿಟ್ಟು ಓಡುತ್ತಿದ್ದೆ. ಆದರೆ ಅಕ್ಕನ ನೌಕರಿಯೇ ಕಪ್ಪೆಯದು. ಹಳ್ಳಿ ಹಳ್ಳಿ ತಿರುಗಿ ಯಾವ ಕೆರೆಯಲ್ಲಿ ಯಾವ ಕಪ್ಪೆ ಐತಿ ಅಂತ ದನಿ ಹಿಡಿದು ಬರೆದುಕೊಳ್ಳೋದು. ತಿಂಗಳಾ ಸಂಬಳ ಬರುತ್ತದೆ, ಸುಳ್ಳಲ್ಲ. ಊರವರು ಅವಳಿಗೆ ಕಪ್ಪಿ ಟೀಚರ್ ಅಂತ ಹೆಸರಿಟ್ಟಿದ್ದರು. ಆ ಹೆಸರು ಇಟ್ಟವರು ಯಾರು ಅಂತ ಕೇಳಬ್ಯಾಡ್ರಿ.

ನೂರಾ ಹತ್ತು ವರ್ಷದ ಹಿಂದೆ ಯಾರೋ ಒಬ್ಬ ಇಂಗ್ಲಿಷ್ ದೊರೆ ನಮ್ಮ ಕೂಡ್ಲಿಗಿ ಸೀಮೆಯಲ್ಲಿ ಒಂದು ಕಪ್ಪೆ ಹಿಡಿದು ಸೀಸೆಗೆ ಹಾಕಿದ್ದನಂತೆ. ಹೆಬ್ಬೆರಳಿನಷ್ಟು ಗಾತ್ರ. 'ಕೂಗಿದರೆ ಕಂಚು ಬಾರಿಸಿದಂತೆ' ಅಂತ ಬರೆದಿಟ್ಟಿದ್ದನಂತೆ. ಅವನಾದ ಮೇಲೆ ಅದನ್ನು ಕಂಡವರಿಲ್ಲ, ಕೇಳಿದವರಿಲ್ಲ. ಅಳಿದುಹೋದವುಗಳ ಪಟ್ಟಿಯಲ್ಲಿ ಅದರ ಹೆಸರು ಸೇರಿಸಿ ಎಲ್ಲರೂ ಕೈ ತೊಳೆದುಕೊಂಡಿದ್ದರು. ಅಕ್ಕನಿಗೆ ಆ ರಾತ್ರಿ ನಿದ್ದಿ ಹತ್ತಲಿಲ್ಲ. ಹೆದರಿಕೆಯಿಂದ ಅಲ್ಲ, ಸಂತೋಷಕ್ಕೆ.

ಆದರೆ ಹೊತ್ತು ಇರಲಿಲ್ಲ. ಪಂಚಾಯ್ತಿ ಮೆಂಬರ್ ಪಾಲಾಕ್ಷಪ್ಪ ಆ ಬಾವಿ ಮುಚ್ಚಿಸಿ ಮೇಲೆ ಸಂತೆ ಕಟ್ಟೆ ಕಟ್ಟಿಸುವ ಠರಾವು ಮಾಡಿಸಿದ್ದ. ಮುಂದಿನ ಸೋಮವಾರಕ್ಕೆ ಮಣ್ಣಿನ ಟಿಪ್ಪರ್ ಹೇಳಿಯಾಗಿತ್ತು. ಅಕ್ಕ ಹೋಗಿ ಕಪ್ಪೆ ವಿಷಯ ಹೇಳಿದಾಗ ಅವನು ಚಹಾ ಕೊಡಿಸಿ, ನಕ್ಕು, ಒಂದು ಕಪ್ಪೆಗೋಸ್ಕರ ಊರ ಸಂತೆ ನಿಲ್ಲಿಸಲೇನು ತಂಗಿ ಅಂದನಂತೆ. ಆದರೂ ಕೆಟ್ಟವನಲ್ಲ. ಸರಕಾರದ ಒಂದು ಕಾಗದ ತಂದು ತೋರಿಸು, ಟಿಪ್ಪರ್ ನಾನೇ ತಿರುಗಿಸಿ ಕಳಿಸ್ತೀನಿ ಅಂದ.

ಕಾಗದ ಬೇಕೆಂದರೆ ದನಿ ಬೇಕು. ಅಕ್ಕ ಮರುದಿನ ರಾತ್ರಿ ರೆಕಾರ್ಡರ್ ಹಿಡಿದು ಮೆಟ್ಟಿಲ ಮೇಲೆ ಕುಂತಳು. ಅವ್ವ ಮಂಜಮ್ಮ ಬೈದೇ ಬೈದಳು. ನಮ್ಮನಿಯಾಗ ದೆವ್ವ ಇಲ್ಲ ದೇವರೂ ಇಲ್ಲ, ನನಗ್ಯಾವ ಅಂಜಿಕಿ ಅಂತ ಅಕ್ಕ ಹೊರಟೇಬಿಟ್ಟಳು.

ನಡುರಾತ್ರಿಗೆ ಮೌನ ಇಳಿದು ಬಂತು. ಮೇಲಿನ ಮೆಟ್ಟಿಲು... ನಡುವಿನ ಮೆಟ್ಟಿಲು... ಅಕ್ಕ ಟಾರ್ಚ್ ಹಾಕಿದಳು. ಮೆಟ್ಟಿಲು ಖಾಲಿ. ದನಿ ಬರಲೇ ಇಲ್ಲ.

ಅದರ ಮರುದಿನ ಟಾರ್ಚ್ ಮುಟ್ಟಲಿಲ್ಲ. ಟಿಣ್ ಅಂತು, ಟಿಣ್ ಟಿಣ್ ಅಂತು. ಅಷ್ಟರಲ್ಲಿ ಮುಂಗೈ ಮೇಲೆ ಏನೋ ತಣ್ಣಗೆ ಹನಿಯಿತು. ಅಕ್ಕ ಹಾ ಅಂದಳು. ಮುಗೀತು.

ಆ ಎರಡು ಕೂಗನ್ನೇ ಅವಳ ಮೇಲಿನ ಸಾಹೇಬರಿಗೆ ಕಳಿಸಿದಳು. ತಂಬಿಗೆ ಬಾರಿಸಿದವರು ಯಾರಮ್ಮ ಅಂತ ಅವರು ಕೇಳಿದರು. ಹತ್ತು ನಿಮಿಷ ಒಂದೇ ಸಮ ಕೂಗಿದ್ದು ಕಳಿಸು, ತಡೆ ಪತ್ರ ನಾನು ತರಿಸ್ತೀನಿ ಅಂದರು. ಪತ್ರ ತರಿಸಲು ಒಂದು ದಿನವಾದರೂ ಬೇಕು, ಹಂಗಾಗಿ ಉಳಿದಿದ್ದು ಒಂದೇ ರಾತ್ರಿ, ಶನಿವಾರದ್ದು.

ಅಕ್ಕನಿಗೆ ಅಷ್ಟೊತ್ತಿಗೆ ಒಂದು ಮಾತು ತಿಳಿದಿತ್ತು. ನಾವು ಯಾರೇ ಹೋದರೂ ಆ ಕಪ್ಪೆ ಕೂಗೋದಿಲ್ಲ. ಉಳಿದ ಕಪ್ಪೆಗಳೆಲ್ಲ ಯಾವುದಕ್ಕೋ ಅಂಜಿ ಬಾಯಿ ಮುಚ್ಚುತ್ತಾವಲ್ಲ... ಇದು ಕೂಗೋದು ಆಗಲೇ.

ಬಾವಿ ಪಕ್ಕದ ಕುರಿಹಟ್ಟಿಯಲ್ಲಿ ಮಲಗುವ ಪಾಲಯ್ಯಜ್ಜ ಶನಿವಾರ ಅವಳನ್ನು ತಡೆದು ನಿಲ್ಲಿಸಿದ. ಬೀಡಿ ಆರಿಸಿ, ಪಿಸುದನಿಯಲ್ಲಿ ಹೇಳಿದ. ಮಳೆ ತಪ್ಪಿದ ವರ್ಷ ಒನಕೆಗೆ ಬೇವಿನ ಸೊಪ್ಪು ಸುತ್ತಿ, ನಡುವೆ ಕಪ್ಪೆ ಕಟ್ಟಿ, ಮನೆ ಮನೆ ಮುಂದೆ ನೀರು ಹುಯ್ಯಿಸಿಕೊಂಡು ಬರೋದು ನಮ್ಮ ಕಡೆ ಇತ್ತಲ್ಲ, ಆ ಒನಕೆ ಹೊರುತ್ತಿದ್ದವಳು ಅವನ ಅಕ್ಕ ದುರುಗಮ್ಮ. ಕಪ್ಪೆ ತರುತ್ತಿದ್ದದ್ದು ಈ ಬಾವಿಯಿಂದ. ಮೆರವಣಿಗೆ ಮುಗಿದ ಮೇಲೆ ಕಂಡ ಹಳ್ಳಕ್ಕೆ ಬಿಡೋದಿಲ್ಲ, ಅದೇ ಮೆಟ್ಟಿಲಿಗೆ ತಂದು, ತವರು ಸೇರಿಕೋ ಅಂತ ಹೇಳಿ ಬಿಡಬೇಕು. ಒಂದು ವರ್ಷ ಹುಡುಗರು ಊರೆಲ್ಲ ಕುಣಿದು ಕತ್ತಲು ಮಾಡಿದರು. ನಾಳೆ ಬಿಟ್ಟರಾಯ್ತು ಅಂದರು. ದುರುಗಮ್ಮ ಕೇಳಲಿಲ್ಲ, ಒಬ್ಬಳೇ ಹೋದಳು. ಬೆಳಿಗ್ಗೆ ನೋಡಿದರೆ ಒನಕೆ ಕಟ್ಟೆ ಮೇಲಿತ್ತು. ಅವಳು ನೀರಿನೊಳಗಿದ್ದಳು.

"ಕಪ್ಪಿ?" ಅಂದಳು ಅಕ್ಕ.

"ಬಿಟ್ಟಿದ್ಲು. ಸೊಪ್ಪು ಬಿಚ್ಚಿತ್ತು."

ಅಜ್ಜ ಆರಿದ ಬೀಡಿ ಕಿವಿಗೆ ಸಿಕ್ಕಿಸಿಕೊಂಡ. ಆಮೇಲೆ ಅಜ್ಜ ಅಂದ, "ಅಕಿ ಬಂದಾಗ ಮಾತಾಡಸಬ್ಯಾಡವ್ವ. ಅಕಿ ಬರೋದು ಅದನ್ನ ನೋಡಾಕ. ನಿನ್ನನ್ನಲ್ಲ."

ಅಕ್ಕ ನಕ್ಕಳಂತೆ. ನಕ್ಕೆ ಅಂತ ಅವಳೇ ಹೇಳಿದಳು, ಆದರೆ ಹೇಳುವಾಗ ಮುಖದಲ್ಲಿ ನಗು ಇರಲಿಲ್ಲ.

ಹನ್ನೆರಡು ಮೆಟ್ಟಿಲು ಇಳಿದು ಕುಂತಳು. ರೆಕಾರ್ಡರಿನ ಕೆಂಪು ಚುಕ್ಕಿ ಬಿಟ್ಟರೆ ಬೆಳಕಿಲ್ಲ. ವಟರ್ ವಟರ್... ಕ್ರಿರ್ರ್... ಗುಂಯ್... ಒಂದು ತಾಸಾಯಿತು. ಎರಡು ತಾಸಾಯಿತು. ದುಪಟ್ಟಾದ ಸೆರಗು ಮುದ್ದೆ ಮಾಡಿ ಬಾಯಿಗೆ ತುರುಕಿಕೊಂಡಳು. ಮಾತು ಬಂದರೆ ಬಾವಿ ಹೋಯಿತು.

ಮೇಲಿನ ಮೆಟ್ಟಿಲಿನವು ನಿಂತವು.

ನಡುವಿನವು ನಿಂತವು.

ಅಕ್ಕನ ಹಿಂದಿನ ಮೆಟ್ಟಿಲ ಸಂದಿಯಲ್ಲಿ ಒಂದು ಸಣ್ಣ ಕಪ್ಪೆ ಕ್ರಿರ್ ಅನ್ನುತ್ತಿತ್ತು. ಕ್ರಿರ್... ಕ್ರಿ...

ಅದೂ ನಿಂತಿತು.

ಆಮೇಲೆ ನೀರಿನ ಕಡೆ ಮೌನ ಇಳಿಯಲಿಲ್ಲ. ಕೆಳಗಿನವು ಇನ್ನೂ ಕೂಗುತ್ತಿದ್ದವು. ಅಂದರೆ ಬಂದದ್ದು ಕೆಳಗೆ ಹೋಗಲಿಲ್ಲ. ಅಕ್ಕನ ಬೆನ್ನಿಗೇ ನಿಂತಿತ್ತು. ತಟ್... ತಟ್... ಒದ್ದೆ ಸೀರೆಯಿಂದ ಕಲ್ಲಿನ ಮೇಲೆ ನೀರು ಬೀಳುವಂಥ ಸಪ್ಪಳ. ಎಡಗಿವಿ ಹತ್ತಿರ ತಣ್ಣನೆ ಗಾಳಿ ತಾಗಿತು. ಬೇವಿನ ಕಹಿ ವಾಸನೆ.

ಓಡಬೇಕು ಅಂತ ಕಾಲು ಹೇಳಿತು. ಸೋಮವಾರ ಅಂತ ತಲೆ ಹೇಳಿತು. ಮೆಟ್ಟಿಲು ಸಣ್ಣದು, ಅಕ್ಕ ನಡುವೆ ಕುಂತಿದ್ದಳು. ಬಂದವರು ಯಾಕೆ ನಿಂತಿದ್ದಾರೆ ಅಂತ ಆಗ ಹೊಳೆಯಿತು ನೋಡ್ರಿ.

ಅಕ್ಕ ಬಲಕ್ಕೆ ಸರಿದು ಜಾಗ ಕೊಟ್ಟಳು. ಬಸ್ಸಿನಲ್ಲಿ ಕೊಡುವ ಹಂಗೇ.

ತಟ್ ತಟ್ ಅನ್ನೋದು ಪಕ್ಕಕ್ಕೆ ಬಂತು. ಎಡ ತೊಡೆ ಕಡೆ ಕಲ್ಲು ಐಸಿನಂತಾಯಿತು. ಕೆಳಗಿನ ಕಪ್ಪೆಗಳೂ ಬಾಯಿ ಮುಚ್ಚಿದವು. ಇಡೀ ಬಾವಿ ಉಸಿರು ಹಿಡಿಯಿತು...

ಟಿಣ್.

ಟಿಣ್, ಟಿಣ್.

ಕೂಗಿತು ಅಂದರೆ ಎಂಥ ಕೂಗು. ಊರಿಗೆ ಬಂದ ಮಗಳು ಅವ್ವನ ಮುಂದೆ ಕುಂತು ಒಂದೇ ಉಸಿರಿಗೆ ಎಲ್ಲ ಹೇಳ್ತಾಳಲ್ಲ, ಹಂಗ. ಅಕ್ಕ ಎಡಕ್ಕೆ ತಿರುಗಿ ನೋಡಲಿಲ್ಲ. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಕೆಂಪು ಚುಕ್ಕಿಯನ್ನೇ ನೋಡುತ್ತ ಕುಂತಳು. ಹನ್ನೊಂದು ನಿಮಿಷ.

ಆಮೇಲೆ ಒಂದು ಕಪ್ಪೆ ವಟರ್ ಅಂತು. ಇನ್ನೊಂದು ಅಂತು. ಬಾವಿ ತುಂಬ ಸಂತೆ ಶುರುವಾಯಿತು. ಪಕ್ಕದ ಕಲ್ಲು ಬೆಚ್ಚಗಾಗಿತ್ತು.

ಸೋಮವಾರ ಟಿಪ್ಪರ್ ಬಂತು. ಅದಕ್ಕೂ ಮೊದಲು ಪಾಲಾಕ್ಷಪ್ಪನ ಮೊಬೈಲಿಗೆ ತಡೆ ಪತ್ರ ಬಂದಿತ್ತು. ಅವನು ಆಡಿದ ಮಾತಿನಂತೆ ಗಾಡಿ ತಿರುಗಿಸಿದ. ಸಂತೆ ಕಟ್ಟೆ ಈಗ ಶಾಲೆ ಹಿಂದೆ ಕಟ್ಟುತ್ತಿದ್ದಾರೆ. ದೊಡ್ಡ ದೊಡ್ಡವರು ಎರಡು ಜೀಪಿನಲ್ಲಿ ಬಂದು ಮೂರು ರಾತ್ರಿ ಬಾವಿಯಲ್ಲಿ ಕುಂತರು. ಸೊಳ್ಳೆ ಕಚ್ಚಿಸಿಕೊಂಡು ಹೋದರು, ಅಷ್ಟೇ. ಆದರೂ ಅಕ್ಕ ಕಳಿಸಿದ ದನಿಯನ್ನು ಇಲ್ಲ ಅನ್ನಲು ಅವರಿಗೆ ಆಗಲಿಲ್ಲ. ಅಳಿದುಹೋದವುಗಳ ಪಟ್ಟಿಯಿಂದ ಆ ಕಪ್ಪೆಯ ಹೆಸರು ತೆಗೆದರು.

ತಿಂಗಳ ಮೇಲೆ ಸಾಹೇಬರಿಂದ ಒಂದು ಫಾರಂ ಬಂತು. ಕೇಳಿಸಿಕೊಂಡವರ ಹೆಸರು ಬರೆಯುವ ಜಾಗದಲ್ಲಿ ಅಕ್ಕ ಒಬ್ಬಳದೇ ಹೆಸರಿತ್ತು, ನಿನ್ನ ಎಡಕ್ಕೆ ಕುಂತಿದ್ದವರದ್ದೂ ತುಂಬಿ ಕಳಿಸು ಅಂದಿದ್ದರು. ದನಿ ಸೋಸುವ ಮಷಿನ್ನಿನಲ್ಲಿ ಇಬ್ಬರ ಉಸಿರು ಬೇರೆ ಬೇರೆ ಸಿಕ್ಕಿತ್ತಂತೆ. ಅಕ್ಕ ಬಹಳ ಹೊತ್ತು ಪೆನ್ನು ಹಿಡಿದು ಕುಂತಳು. ಆಮೇಲೆ ದುರುಗಮ್ಮ ಅಂತ ಬರೆದಳು.

ಕಾನಹೊಸಹಳ್ಳಿಯ ಜೆರಾಕ್ಸ್ ಅಂಗಡಿಗೆ ಆ ಹಾಳೆ ಒಯ್ದವನು ನಾನೇ. ನನ್ನ ಚೇಷ್ಟೆ ನಿಮಗೆ ಗೊತ್ತು, ನೂರು ಸುಳ್ಳು ಹೇಳಿದ್ದೀನಿ, ಇದೊಂದು ಹೇಳಿಲ್ಲ. ದಾರಿಯಲ್ಲಿ ಬಿಚ್ಚಿ ಓದಿದೆ. ಅಕ್ಕ ದುರುಗಮ್ಮ ಅಂತ ಬರೆದ ಸಾಲಿನ ಮುಂದೆ ಮಷಿನ್ನು ಎಣಿಸಿದ್ದನ್ನು ಸಾಹೇಬರು ಮೊದಲೇ ಅಚ್ಚು ಹಾಕಿ ಕಳಿಸಿದ್ದರು. ಹನ್ನೊಂದು ನಿಮಿಷದಲ್ಲಿ ಉಸಿರು ಬಿಟ್ಟದ್ದು ನೂರಾ ನಲವತ್ತು ಸಲ. ಎಳೆದುಕೊಂಡದ್ದು... ಒಂದು ಸಲವೂ ಇಲ್ಲ.