ಉಂಡ ಮನೆಯ ಜಂತೆ

“ಉಂಡ ಮನೆಯ ಜಂತೆ ಎಣಿಸಿದ್ಯಲ್ಲೇ, ನಿನಗೆ ಡಾಕ್ಟರೇಟ್ ಬೇರೆ ಕೇಡು!”

ವಿಶ್ವವಿದ್ಯಾಲಯದಲ್ಲಿ, ಮೌಖಿಕ ಪರೀಕ್ಷೆ ನಡೆಯುವ ಕೋಣೆಯ ಹೊರಗೆ ಸೋದರತ್ತೆಯೊಬ್ಬಳು ಅಣ್ಣನ ಮಗಳನ್ನು ಜಾಡಿಸುತ್ತಿದ್ದಳು. ಅದೇ ಬೆಂಚಿನ ತುದಿಯಲ್ಲಿ ನಾನಿದ್ದೆ.

“ಸಂಶೋಧನೆ ಬಗ್ಗೆ ಪತ್ರಿಕೆಗೆ ಬರೆದಾಗ ನಿಮ್ಮ ಹೆಸರು ಹಾಕಿಲ್ಲ ಅತ್ತೆ.”

“ಸೊಸೆಗೆ ದಿನಾ ತಂಗಳು ಬಡಿಸೋ ಮನೆ ಅಂತ ಬರೆದೆ. ರಜೆಗೆ ಅಂತ ಬಂದು ನೀನು ಯಾರ ಮನೇಲಿ ಇದ್ದೆ ಅಂತ ಬೀಗರಿಗೆ ಗೊತ್ತಿಲ್ವಾ? ಅದನ್ನ ಓದಿ ಬಂದು ಮಗಳನ್ನ ಕರ್ಕೊಂಡೇ ಹೋದ್ರು. ಬರೆಯೋಕೆ ಮುಂಚೆ ಒಂದು ಮಾತು ಕೇಳಬಾರದಿತ್ತಾ?”

“ಕೇಳಿದ್ರೆ ಎಲ್ಲರೂ ನಾಟಕ ಆಡ್ತಿದ್ರಿ. ಗೊತ್ತಾಗದ ಹಾಗೆ ನೋಡೋದೇ ನಮ್ಮ ಸಂಶೋಧನೆಯ ಕ್ರಮ.”

“ಸರಿ. ಬಂದ ದಿನವೇ ನಮಗೆ ಗೊತ್ತಾಗಿತ್ತು, ಬೇಕಂತಲೇ ನಾಟಕ ಆಡಿದ್ವಿ ಅಂತ ಒಳಗೆ ಪರೀಕ್ಷಕರಿಗೆ ಹೇಳ್ತೀನಿ.”

“ಸುಳ್ಳು! ನೀವು ನಿಜವಾಗ್ಲೂ ತಂಗಳು ಹಾಕ್ತಿದ್ರಿ!”

“ಹಾಕ್ತಿದ್ದೆ ಕಣೇ. ಏನೀಗ?”

“ಅತ್ತಿಗೆ ಬಂದು ನಿಜ ಹೇಳ್ತಾರೆ.”

“ಅವಳನ್ನಾದ್ರೂ ಕೇಳಿದ್ಯಾ? ಬಾಗಿಲು ಹಾಕ್ಕೊಂಡು ಅತ್ತಿದ್ದನ್ನೂ ಊರಿಗೆಲ್ಲ ಹೇಳಿದೋಳು ನೀನು. ಎದುರಿಗೆ ಸಿಕ್ಕು ನೋಡು, ಮುಖಕ್ಕೆ ಉಗೀತಾಳೆ.”

ಒಳಗಿನಿಂದ ಹುಡುಗಿಯ ಹೆಸರು ಕೂಗಿದರು. ಅತ್ತೆ ಸೆರಗು ಸರಿಮಾಡಿಕೊಂಡು ಒಳಗೆ ನಡೆದಳು. ಹುಡುಗಿ ಚೀಲ ಎತ್ತಿಕೊಂಡು ಮೆಟ್ಟಿಲಿಳಿದು ಹೋದಳು.

ಎರಡನೆಯ ಸಲ ಹೆಸರು ಕೂಗಿದಾಗ ಅಲ್ಲಿ ನಾನೊಬ್ಬನೇ ಇದ್ದೆ.